ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸಿಂಗ್: ಸ್ನಾತಕೋತ್ತರ ಪದವಿ ಪಡೆದ ನರ್ಸ್ ಏನು ಮಾಡಬಹುದು, ಏನು ಮಾಡಲು ಬಿಡುತ್ತಾರೆ?

ವಾರ್ಡಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ ನರ್ಸ್‌ಗೆ ರೋಗಿಯ ಮುಖ ನೋಡಿದರೇ ಏನೋ ಸರಿಯಿಲ್ಲ ಅಂತ ತಿಳಿಯುತ್ತದೆ. ಬಿಪಿ ಇನ್ನೂ ಇಳಿದಿರುವುದಿಲ್ಲ. ಮಾನಿಟರ್ ಇನ್ನೂ ಸದ್ದು ಮಾಡಿರುವುದಿಲ್ಲ. ಅವರು ಡಾಕ್ಟರಿಗೆ ಫೋನ್ ಮಾಡುತ್ತಾರೆ, ಕಾಯುತ್ತಾರೆ. ಯಾವ ಪರೀಕ್ಷೆ ಮಾಡಿಸಬೇಕು, ಯಾವ ಔಷಧ ಶುರು ಮಾಡಬೇಕು ಎಂದು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಹೋಗಲಿ, ಬಡ್ತಿ ಸಿಕ್ಕರೆ? ಡ್ಯೂಟಿ ಪಟ್ಟಿ ಹಾಕುವ ಮೇಜಿಗೋ, ಕಾಲೇಜಿನ ತರಗತಿಗೋ ಹೋಗುತ್ತಾರೆ. ಕೈ ಪಳಗಿದಷ್ಟೂ ರೋಗಿಯಿಂದ ದೂರ. ನರ್ಸಿಂಗ್ ವೃತ್ತಿ ದಶಕಗಳಿಂದ ಅನುಭವಿಸುತ್ತಿರುವ ದೊಡ್ಡ ನಷ್ಟ ಇದು.

ಈ ನಷ್ಟವನ್ನು ತಡೆಯಬಲ್ಲ ದಾರಿ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸಿಂಗ್. ಇದರ ಸ್ನಾತಕೋತ್ತರ ಪದವಿಗೆ ಪೂರ್ಣಾವಧಿ ಓದಿದರೆ ಸಾಮಾನ್ಯವಾಗಿ ಎರಡು ವರ್ಷ ಬೇಕು. ಕೆಲಸ ಮಾಡುತ್ತಲೇ ಓದುವವರಿಗೆ ಇನ್ನೂ ಜಾಸ್ತಿ. ಮುಗಿಸಿದ ನರ್ಸ್ ರೋಗಿಯನ್ನು ಪರೀಕ್ಷಿಸಿ ಕಾಯಿಲೆ ಏನೆಂದು ಹೇಳಬಹುದು, ಪರೀಕ್ಷೆಗಳಿಗೆ ಬರೆಯಬಹುದು, ಔಷಧ ಬರೆಯಬಹುದು, ಮುಂದೆಯೂ ಆ ರೋಗಿಯನ್ನು ತಾವೇ ನೋಡಿಕೊಳ್ಳಬಹುದು. ಕಲ್ಪನೆಯಂತೂ ಇದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ ಇಂಥ ಹುದ್ದೆಗಳು ತಮ್ಮಲ್ಲಿವೆ ಎಂದು ಹೇಳಿದ ದೇಶಗಳು ಶೇ. 62. ಐದು ವರ್ಷ ಹಿಂದೆ ಅದು ಶೇ. 53 ಇತ್ತು.

ಆದರೆ ಹೆಚ್ಚುಕಡಿಮೆ ಒಂದೇ ಪದವಿ ಪಡೆದ ಇಬ್ಬರು ನರ್ಸ್‌ಗಳಲ್ಲಿ ಒಬ್ಬರು ಸ್ವಂತ ಕ್ಲಿನಿಕ್ ನಡೆಸುತ್ತಾರೆ, ಇನ್ನೊಬ್ಬರು ಹಳೇ ವಾರ್ಡಿಗೆ, ಹಳೇ ಶಿಫ್ಟಿಗೇ ವಾಪಸ್ ಹೋಗುತ್ತಾರೆ. ಯಾಕೆ ಹೀಗೆ? ಉತ್ತರದ ಅರ್ಧ ಭಾಗ ಮಾತ್ರ ಓದಿನಲ್ಲಿದೆ. ಉಳಿದರ್ಧ ಇರುವುದು ಕಾನೂನಿನಲ್ಲಿ ಮತ್ತು ಆಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ. ಕೋರ್ಸಿಗೆ ಸೇರುವವರು ಈ ಎರಡನೇ ಅರ್ಧವನ್ನು ವಿಚಾರಿಸುವುದು ಕಡಿಮೆ.

ಶುರುವಾದದ್ದು ಮಕ್ಕಳಿಂದ

1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ (ರೋಗಿಗಳನ್ನು ತಾವೇ ಪರೀಕ್ಷಿಸಿ ನೋಡಿಕೊಳ್ಳುವ ನರ್ಸ್) ತರಬೇತಿ ಶುರು ಮಾಡಿದರು. ಹಳ್ಳಿಗಾಡಿನ ಮಕ್ಕಳನ್ನು ನೋಡುವ ವೈದ್ಯರು ಸಾಕಷ್ಟು ಇರಲಿಲ್ಲ. ಆ ಮಕ್ಕಳ ಮನೆಗಳಿಗೆ ಹೋಗುತ್ತಿದ್ದ ಸಾರ್ವಜನಿಕ ಆರೋಗ್ಯ ನರ್ಸ್‌ಗಳು ಮಾತ್ರ ಇದ್ದರು. ಅವರಿಗೇ ಇನ್ನಷ್ಟು ಕಲಿಸಿದರೆ ಅಲ್ಲಿಯೇ ಆರೈಕೆ ಸಿಗುತ್ತದಲ್ಲ ಎಂಬುದು ಯೋಚನೆ. ವಿರೋಧ ಎರಡೂ ಕಡೆಯಿಂದ ಬಂತು. ವೈದ್ಯರಲ್ಲಿ ಹಲವರು ಒಪ್ಪಲಿಲ್ಲ. ನರ್ಸಿಂಗ್ ಕಲಿಸುವವರಲ್ಲೂ ಅನೇಕರು, ಇದು ನರ್ಸಿಂಗನ್ನು ಬಿಟ್ಟು ವೈದ್ಯಕೀಯದ ಬಾಲ ಹಿಡಿದಂತೆ ಎಂದು ದೂರಿದರು. ಫೋರ್ಡ್ ಹಿಂದೆ ಸರಿಯಲಿಲ್ಲ. 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಅವರು ಹಾಕಿಕೊಟ್ಟ ದಾರಿಯಲ್ಲಿ ಲಕ್ಷಾಂತರ ನರ್ಸ್‌ಗಳು ನಡೆದಿದ್ದರು.

ಮೊದಲಿಗೆ ಅದು ಪದವಿಯಾಗಿರಲಿಲ್ಲ, ಸರ್ಟಿಫಿಕೇಟ್ ಮಟ್ಟದ ತರಬೇತಿ. ನಿಧಾನಕ್ಕೆ ಸ್ನಾತಕೋತ್ತರ ಮಟ್ಟಕ್ಕೆ ಏರಿತು. ಅಂತರರಾಷ್ಟ್ರೀಯ ನರ್ಸ್‌ಗಳ ಪರಿಷತ್ತು 2020ರ ಮಾರ್ಗಸೂಚಿಯಲ್ಲಿ, ಈ ಕೆಲಸಕ್ಕೆ ಕನಿಷ್ಠ ಸ್ನಾತಕೋತ್ತರ ಪದವಿ ಇರಬೇಕು ಎಂದು ಹೇಳಿದೆ. ಅಮೆರಿಕದಲ್ಲಿ 2008ರಿಂದ ಚಾಲ್ತಿಯಲ್ಲಿರುವ ಒಮ್ಮತದ ಮಾದರಿ ಇದರಲ್ಲಿ ನಾಲ್ಕು ಬಗೆಯವರನ್ನು ಗುರುತಿಸುತ್ತದೆ: ನರ್ಸ್ ಪ್ರಾಕ್ಟೀಷನರ್, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್, ಅರಿವಳಿಕೆ ಕೊಡುವ ನರ್ಸ್ ಅನೆಸ್ಥೆಟಿಸ್ಟ್ ಮತ್ತು ಹೆರಿಗೆ ನೋಡಿಕೊಳ್ಳುವ ನರ್ಸ್ ಮಿಡ್‌ವೈಫ್. ಮೊದಲ ಎರಡನ್ನು ಜನ ಕಲಸಿಬಿಡುತ್ತಾರೆ. ಪ್ರಾಕ್ಟೀಷನರ್ ತಮ್ಮದೇ ರೋಗಿಗಳನ್ನು ನೋಡುತ್ತಾರೆ. ಸ್ಪೆಷಲಿಸ್ಟ್ ಒಂದು ವಿಷಯದಲ್ಲಿ, ಉದಾಹರಣೆಗೆ ಕ್ಯಾನ್ಸರ್ ನೋವು ಅಥವಾ ಮಧುಮೇಹದ ಗಾಯ, ಇಡೀ ಆಸ್ಪತ್ರೆಯ ಆರೈಕೆಯ ಮಟ್ಟವನ್ನು ಮೇಲೆತ್ತುತ್ತಾರೆ. ಕಷ್ಟದ ರೋಗಿಗಳನ್ನು ತಾವೂ ನೋಡುತ್ತಾರೆ, ಉಳಿದ ನರ್ಸ್‌ಗಳಿಗೆ ಕಲಿಸುತ್ತಾರೆ.

ಓದಿನಲ್ಲಿ ನಿಜಕ್ಕೂ ಏನು ಬದಲಾಗುತ್ತದೆ

ಈ ಕೋರ್ಸುಗಳ ಬೆನ್ನೆಲುಬು ಮೂರು ವಿಷಯಗಳು. ಕಾಯಿಲೆ ದೇಹದಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ಒಂದು. ಔಷಧಶಾಸ್ತ್ರ ಇನ್ನೊಂದು. ತಲೆಯಿಂದ ಕಾಲಿನವರೆಗೆ ದೇಹವನ್ನು ಪರೀಕ್ಷಿಸುವುದು ಮೂರನೆಯದು. ‘ಇವನ್ನೆಲ್ಲ ಬಿ.ಎಸ್ಸಿ ನರ್ಸಿಂಗ್‌ನಲ್ಲೇ ಓದಿದ್ದೇವಲ್ಲ’ ಎಂದು ಅನೇಕರು ಕೇಳುತ್ತಾರೆ. ಓದಿರುತ್ತಾರೆ, ನಿಜ. ಬದಲಾಗುವುದು ಓದಿದ್ದನ್ನು ಯಾತಕ್ಕೆ ಬಳಸಬೇಕು ಎಂಬುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಪ್ಪತ್ತು ದಾಟಿದ ವ್ಯಕ್ತಿಯೊಬ್ಬರು ಏದುಸಿರು ಬಿಡುತ್ತಾ ಬರುತ್ತಾರೆ. ಕಾಲು ಊದಿಕೊಂಡಿದೆ. ವಾರ್ಡಿನ ಒಳ್ಳೆಯ ನರ್ಸ್ ತಕ್ಷಣ ಅವರನ್ನು ಎತ್ತರಕ್ಕೆ ಒರಗಿಸಿ ಕೂರಿಸುತ್ತಾರೆ, ಆಮ್ಲಜನಕದ ಮಟ್ಟ ನೋಡುತ್ತಾರೆ, ಬೇಕಾದರೆ ಆಮ್ಲಜನಕ ಹಾಕುತ್ತಾರೆ, ಡಾಕ್ಟರಿಗೆ ತಿಳಿಸುತ್ತಾರೆ. ಇದು ಜೀವ ಉಳಿಸುವ ಕೆಲಸ, ಸಣ್ಣದಲ್ಲ. ಸ್ನಾತಕೋತ್ತರ ತರಬೇತಿ ಪಡೆದ ನರ್ಸ್ ಇದನ್ನೆಲ್ಲ ಮಾಡಿದ ಮೇಲೆ ಮುಂದಿನ ಪ್ರಶ್ನೆಗಳನ್ನೂ ತಾವೇ ಎದುರಿಸಬೇಕು. ಇದು ಹೃದಯ ಸೋಲುತ್ತಿರುವ ಲಕ್ಷಣವೋ, ನ್ಯುಮೋನಿಯಾವೋ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆಯೋ? ಕತ್ತಿನ ರಕ್ತನಾಳ ಉಬ್ಬಿದೆಯಾ? ಶ್ವಾಸಕೋಶದ ಕೆಳಭಾಗದಲ್ಲಿ ಎಂಥ ಸದ್ದು ಕೇಳುತ್ತಿದೆ? ಮೊದಲು ಎಕ್ಸ್‌ರೇ ಮಾಡಿಸಬೇಕೋ, ಇಸಿಜಿಯೋ, ಯಾವ ರಕ್ತಪರೀಕ್ಷೆ? ಹೃದಯದ್ದೇ ತೊಂದರೆ ಎಂದಾದರೆ ನೀರು ಇಳಿಸುವ ಫ್ಯುರೊಸೆಮೈಡ್ ಎಷ್ಟು ಕೊಡಬೇಕು? ಅವರ ಮೂತ್ರಪಿಂಡ ಹೇಗಿದೆ? ಪೊಟ್ಯಾಸಿಯಂ ಇಳಿದುಹೋದರೆ ಹೃದಯದ ಬಡಿತ ಏರುಪೇರಾಗಬಹುದು, ಅದನ್ನು ಮತ್ತೆ ಯಾವಾಗ ನೋಡಬೇಕು?

ಇಷ್ಟಾದ ಮೇಲೆ ಇನ್ನೊಂದು ಸಂಗತಿ ಹೊರಬರುತ್ತದೆ. ಮಂಡಿನೋವಿಗೆಂದು ಅವರು ಎರಡು ವಾರದಿಂದ ಐಬುಪ್ರೊಫೆನ್ ನುಂಗುತ್ತಿದ್ದಾರೆ. ಆ ಮಾತ್ರೆ ದೇಹದಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತದೆ, ದುರ್ಬಲ ಹೃದಯವನ್ನು ಇನ್ನಷ್ಟು ಸೋಲಿಸುತ್ತದೆ. ಮೊದಲೇ ಬರೆದುಕೊಟ್ಟಿದ್ದ ನೀರು ಇಳಿಸುವ ಮಾತ್ರೆಯನ್ನು ಅವರು ಬಿಟ್ಟೇಬಿಟ್ಟಿದ್ದಾರೆ. ಯಾಕೆ? ಸಂಜೆ ನುಂಗಿದರೆ ರಾತ್ರಿಯೆಲ್ಲ ಎದ್ದು ಶೌಚಾಲಯಕ್ಕೆ ಹೋಗಬೇಕು, ಕತ್ತಲಲ್ಲಿ ಬೀಳುವ ಭಯ. ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದರೆ ಆ ಸಮಸ್ಯೆ ಬಹುಪಾಲು ತೀರುತ್ತದೆ. ಈ ಕಾರಣ ಹೊರಬರುವುದು ಪಕ್ಕದಲ್ಲಿ ಕೂತು ಕೇಳುವವರಿಗೆ. ಕಾಯಿಲೆ ಗುರುತಿಸುವ ಬುದ್ಧಿ ಮತ್ತು ರೋಗಿಯ ದಿನಚರಿ ಅರಿಯುವ ಕಣ್ಣು, ಎರಡೂ ಒಬ್ಬರಲ್ಲೇ ಇದ್ದರೆ ಎಷ್ಟು ಅನುಕೂಲ ನೋಡಿ. ಈ ಓದಿನ ನಿಜವಾದ ಶಕ್ತಿ ಇಲ್ಲಿದೆ ಎಂದು ನಾನು ನಂಬುತ್ತೇನೆ. ಇದನ್ನು ‘ಅರ್ಧ ಡಾಕ್ಟರ್’ ತಯಾರಿಸುವ ಕೋರ್ಸ್ ಎಂದು ಕರೆಯುವವರಿಗೆ ಈ ಎರಡನೇ ಭಾಗ ಕಾಣುತ್ತಿಲ್ಲ.

ಇಂಗ್ಲೆಂಡಿನಲ್ಲಿ 2017ರ ಚೌಕಟ್ಟು ಈ ಮಟ್ಟದ ಕೆಲಸಕ್ಕೆ ನಾಲ್ಕು ಕಂಬಗಳನ್ನು ಹೇಳುತ್ತದೆ: ರೋಗಿಯ ಆರೈಕೆ, ನಾಯಕತ್ವ, ಕಲಿಸುವುದು, ಸಂಶೋಧನೆ. ಕಾಗದದ ಮೇಲೆ ನಾಲ್ಕೂ ಸಮ. ಕೆಲಸಕ್ಕೆ ಇಳಿದ ಮೇಲೆ ಓಪಿಡಿಯ ಸಾಲು ಉಳಿದ ಮೂರನ್ನೂ ನುಂಗಿಬಿಡುವುದುಂಟು.

ಗಂಟೆಗಳ ಲೆಕ್ಕ

ಎರಡು ವರ್ಷ ಎಂದರೆ ಬಹಳ ಅನ್ನಿಸಬಹುದು. ಅದರಲ್ಲಿ ರೋಗಿಯನ್ನು ನೇರವಾಗಿ ನೋಡುವ ಗಂಟೆ ಎಷ್ಟು ಎಂದು ಕೇಳಬೇಕು. ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಕೋರ್ಸುಗಳಿಗೆ ಬಹುಕಾಲ ಕನಿಷ್ಠ 500 ಗಂಟೆ ಇತ್ತು. 2022ರ ಹೊಸ ಮಾನದಂಡ ಅದನ್ನು 750ಕ್ಕೆ ಏರಿಸಿತು. ವೈದ್ಯರ ತರಬೇತಿ, ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಕಲಿಯುವ ರೆಸಿಡೆನ್ಸಿಯೂ ಸೇರಿ, ಹತ್ತು ಸಾವಿರ ಗಂಟೆ ದಾಟುತ್ತದೆ. ಅಮೆರಿಕನ್ ವೈದ್ಯಕೀಯ ಸಂಘ ನರ್ಸ್‌ಗಳ ಅಧಿಕಾರ ಹೆಚ್ಚಿಸುವುದನ್ನು ವಿರೋಧಿಸುವಾಗ ಮತ್ತೆ ಮತ್ತೆ ಎತ್ತಿ ತೋರಿಸುವುದು ಈ ಅಂತರವನ್ನೇ. ಈ ಹೋಲಿಕೆಯಲ್ಲಿ ಒಂದು ಕೊರತೆ ಇದೆ. ನರ್ಸ್ ಅದಕ್ಕೂ ಮುಂಚೆ ಹಾಸಿಗೆ ಪಕ್ಕ ಕಳೆದ ಸಾವಿರಾರು ಗಂಟೆಗಳು ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಅಂತರವನ್ನು ಸುಮ್ನೆ ತಳ್ಳಿಹಾಕುವುದೂ ಸರಿಯಲ್ಲ. ನರ್ಸ್ ಆಗಿ ಕಳೆದ ಗಂಟೆಗಳಲ್ಲಿ ರೋಗಿಯನ್ನು ಗಮನಿಸುವುದು ಕಲಿತಿರುತ್ತಾರೆ. ಕಾಯಿಲೆ ಯಾವುದೆಂದು ತೀರ್ಮಾನಿಸಿ, ಆ ತೀರ್ಮಾನದ ಹೊಣೆ ಹೊರುವುದನ್ನು ಕಲಿತಿರುವುದಿಲ್ಲ.

ಹಾಗಿದ್ದರೆ ಎಷ್ಟು ವರ್ಷ ಅನುಭವ ಇದ್ದವರು ಸೇರಬೇಕು? ಇಲ್ಲಿ ಒಮ್ಮತ ಇಲ್ಲ. ಅಮೆರಿಕದಲ್ಲಿ ಅರಿವಳಿಕೆ ನರ್ಸ್ ತರಬೇತಿಗೆ ಕನಿಷ್ಠ ಒಂದು ವರ್ಷ ತೀವ್ರ ನಿಗಾ ಘಟಕದ ಅನುಭವ ಕಡ್ಡಾಯ. ಬೇರೆ ಕೆಲವು ಕೋರ್ಸುಗಳು ಪದವಿ ಮುಗಿಸಿ ನೇರವಾಗಿ ಬಂದವರನ್ನೂ ಸೇರಿಸಿಕೊಳ್ಳುತ್ತವೆ. ಎರಡು-ಮೂರು ವರ್ಷವಾದರೂ ವಾರ್ಡಿನಲ್ಲಿ ಕೆಲಸ ಮಾಡಿ ಬರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತೀರಾ ಹದಗೆಟ್ಟ ರೋಗಿ ಹೇಗೆ ಕಾಣುತ್ತಾನೆ ಎಂಬುದನ್ನು ಪುಸ್ತಕದಿಂದ ಕಲಿಯಲು ಆಗುವುದಿಲ್ಲ. ಅದನ್ನು ನೋಡಿಯೇ ಗೊತ್ತಿಲ್ಲದವರ ಕೈಗೆ ಔಷಧ ಬರೆಯುವ ಪೆನ್ನು ಕೊಟ್ಟರೆ ಅಪಾಯ ರೋಗಿಗೆ.

ಗಂಟೆ ಎಷ್ಟು ಎಂಬುದಕ್ಕಿಂತ ಅದನ್ನು ಯಾರ ಜೊತೆ ಕಳೆಯುತ್ತೀರಿ ಎಂಬುದು ಇನ್ನೂ ಮುಖ್ಯ. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ಕಲಿಸುವ ಹಿರಿಯರನ್ನು ಪ್ರಿಸೆಪ್ಟರ್ ಎನ್ನುತ್ತಾರೆ. ಒಳ್ಳೆಯ ಪ್ರಿಸೆಪ್ಟರ್ ವಿದ್ಯಾರ್ಥಿಯನ್ನು ಮೊದಲು ರೋಗಿಯ ಬಳಿ ಕಳಿಸುತ್ತಾರೆ. ‘ನಿನ್ನ ಪ್ರಕಾರ ಏನು, ಯಾಕೆ, ಇನ್ನೇನು ಇರಬಹುದು’ ಎಂದು ಕೇಳುತ್ತಾರೆ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ಕೆಟ್ಟ ಪೋಸ್ಟಿಂಗ್ ಎಂದರೆ ಮೂಲೆಯಲ್ಲಿ ನಿಂತು ನೋಡುವುದು, ಇಲ್ಲವೇ ಸಿಬ್ಬಂದಿ ಕಮ್ಮಿ ಇದ್ದ ಕಡೆ ಕೈ ಜೋಡಿಸುವುದು. ಎರಡಕ್ಕೂ ಲಾಗ್‌ಬುಕ್‌ನಲ್ಲಿ ಬೀಳುವ ಗಂಟೆ ಒಂದೇ! ಅಮೆರಿಕದಲ್ಲಿ ಪ್ರಿಸೆಪ್ಟರ್‌ಗಳ ಅಭಾವ ಎಷ್ಟಿದೆಯೆಂದರೆ ಹಲವು ಆನ್‌ಲೈನ್ ಕೋರ್ಸುಗಳಲ್ಲಿ ವಿದ್ಯಾರ್ಥಿಗಳೇ ತಮಗೆ ಪ್ರಿಸೆಪ್ಟರ್ ಹುಡುಕಿಕೊಳ್ಳಬೇಕು. ಸಿಗದಿದ್ದರೆ ಪದವಿ ಮುಂದಕ್ಕೆ ಹೋಗುತ್ತದೆ. ಫೀಸು ಕಟ್ಟಿಸಿಕೊಂಡ ಮೇಲೆ ಕಲಿಸುವವರನ್ನು ಹುಡುಕುವ ಹೊಣೆಯನ್ನೂ ವಿದ್ಯಾರ್ಥಿಯ ಮೇಲೆ ಹೊರಿಸುವುದು ಅನ್ಯಾಯ. ಥಿಯರಿ ಆನ್‌ಲೈನ್‌ನಲ್ಲಿ ಓದುವುದರಲ್ಲಿ ತಪ್ಪಿಲ್ಲ. ಹೊಟ್ಟೆ ಮುಟ್ಟಿ ನೋಡುವುದನ್ನು ಆನ್‌ಲೈನ್‌ನಲ್ಲಿ ಕಲಿಸಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಮಾತನ್ನು ಕಾಲೇಜಿನವರು ಹೇಳುವುದು ಕಡಿಮೆ. ವಾರ್ಡಿನಲ್ಲಿ ಎಲ್ಲರೂ ಸಲಹೆ ಕೇಳುತ್ತಿದ್ದ ಹಿರಿಯ ನರ್ಸ್ ಈ ಹುದ್ದೆಗೆ ಬಂದ ಮೊದಲ ದಿನ ಹೊಸಬರಾಗುತ್ತಾರೆ. ಆತ್ಮವಿಶ್ವಾಸ ಕುಗ್ಗುತ್ತದೆ, ಪ್ರತಿ ಪ್ರಿಸ್ಕ್ರಿಪ್ಷನ್‌ಗೂ ಕೈ ತಡೆಯುತ್ತದೆ. ಮೊದಲ ವರ್ಷ ಹೆಚ್ಚಿನವರಿಗೆ ಕಷ್ಟವೇ. ಆಗ ಅನುಮಾನ ಬಂದರೆ ಕೇಳಲು ಹತ್ತಿರದಲ್ಲೇ ಒಬ್ಬ ವೈದ್ಯರು ಅಥವಾ ಅನುಭವಿ ಪ್ರಾಕ್ಟೀಷನರ್ ಇರಬೇಕು. ಕೇಳುವುದನ್ನು ಅವಮಾನ ಎಂದು ನೋಡದ ವಾತಾವರಣವೂ ಇರಬೇಕು.

ರೋಗಿಗಳಿಗೆ ಒಳ್ಳೆಯದಾಗಿದೆಯೇ?

ಆಗಿದೆ, ಒಂದು ಮಿತಿಯೊಳಗೆ. 2000ದಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲೇ ಒಂದು ಪ್ರಸಿದ್ಧ ಅಧ್ಯಯನ ಬಂತು. 1316 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ವೈದ್ಯರಿಗೆ, ಇನ್ನೊಂದನ್ನು ನರ್ಸ್ ಪ್ರಾಕ್ಟೀಷನರ್‌ಗಳಿಗೆ ಒಪ್ಪಿಸಿದ್ದರು. ಆರು ತಿಂಗಳ ಬಳಿಕ ನೋಡಿದಾಗ ಎರಡು ಗುಂಪುಗಳ ಆರೋಗ್ಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಇಂಥ 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಪ್ರಾಥಮಿಕ ಆರೈಕೆಯಲ್ಲಿ ತರಬೇತಿ ಪಡೆದ ನರ್ಸ್‌ಗಳ ಫಲಿತಾಂಶ ವೈದ್ಯರಿಗೆ ಸಮ, ಕೆಲವು ವಿಷಯಗಳಲ್ಲಿ ಸ್ವಲ್ಪ ಮೇಲು ಎಂಬುದು ಅದರ ತೀರ್ಮಾನ. ನರ್ಸ್‌ಗಳು ಒಬ್ಬೊಬ್ಬ ರೋಗಿಗೆ ಕೊಡುವ ಸಮಯ ಜಾಸ್ತಿ. ರೋಗಿಗಳ ತೃಪ್ತಿಯೂ ತುಸು ಜಾಸ್ತಿ.

ಆದರೆ ಆ 18ರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಶ್ರೀಮಂತ ದೇಶಗಳಲ್ಲಿ ನಡೆದವು. ಎಲ್ಲವೂ ಪ್ರಾಥಮಿಕ ಆರೈಕೆಗೆ ಸಂಬಂಧಪಟ್ಟವು. 2000ದ ಅಧ್ಯಯನದಲ್ಲಿ ನರ್ಸ್‌ಗಳಿಗೆ ವೈದ್ಯರಷ್ಟೇ ಅಧಿಕಾರ ಇತ್ತು, ಬೇಕಾದಾಗ ತಜ್ಞರ ಬಳಿ ಕಳಿಸುವ ವ್ಯವಸ್ಥೆಯೂ ಇತ್ತು. ಹಾಗಾಗಿ ಈ ಪುರಾವೆಯನ್ನು ಹಿಡಿದು, ಯಾವ ನರ್ಸ್ ಯಾವ ವಿಭಾಗದಲ್ಲಿ ಬೇಕಾದರೂ ವೈದ್ಯರ ಜಾಗ ತುಂಬಬಹುದು ಎಂದು ಹೇಳಲು ಬರುವುದಿಲ್ಲ. ಸರಿಯಾದ ತರಬೇತಿ, ಸ್ಪಷ್ಟ ಅಧಿಕಾರ, ಬೆನ್ನಿಗೆ ವೈದ್ಯರ ನೆರವು ಇದ್ದಾಗ ಫಲಿತಾಂಶ ಚೆನ್ನಾಗಿದೆ ಎಂದಷ್ಟೇ ಹೇಳಬಹುದು. ಒಂದು ತೆಗೆದರೆ ಈ ಮಾತೂ ನಿಲ್ಲುವುದಿಲ್ಲ.

ಕಾನೂನು ಗೆರೆ ಎಳೆಯುವ ರೀತಿ

ಅಮೆರಿಕದಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ವೈದ್ಯರ ಸಹಿ ಇಲ್ಲದೆ ಸ್ವತಂತ್ರವಾಗಿ ಕೆಲಸ ಮಾಡಬಹುದು. ಟೆಕ್ಸಸ್‌ನಂಥ ರಾಜ್ಯಗಳಲ್ಲಿ ವೈದ್ಯರ ಜೊತೆ ಒಪ್ಪಂದ ಬೇಕೇಬೇಕು. ರಾಜ್ಯದ ಗಡಿ ದಾಟಿದರೆ ಅದೇ ನರ್ಸಿನ ಅಧಿಕಾರ ಬದಲಾಗುತ್ತದೆ, ಓದಿದ್ದು ಮಾತ್ರ ಅದೇ. ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ, ಅನುಭವ ಇರುವವರಿಗೆ ಹಂತಹಂತವಾಗಿ ಸ್ವಾತಂತ್ರ್ಯ ಕೊಡುವ ದಾರಿ ಹಿಡಿಯಿತು. ನೆದರ್ಲ್ಯಾಂಡ್ಸ್‌ನ ಕ್ರಮ ನನಗೆ ಇನ್ನೂ ಮೆಚ್ಚುಗೆಯಾಗುತ್ತದೆ. ಅಲ್ಲಿ ಕೆಲಸದಲ್ಲಿ ಇದ್ದುಕೊಂಡೇ ಎರಡು ವರ್ಷದ ಸ್ನಾತಕೋತ್ತರ ಓದು. ಔಷಧ ಬರೆಯುವುದೂ ಸೇರಿ ಕೆಲವು ಅಧಿಕಾರಗಳನ್ನು 2012ರಲ್ಲಿ ಪ್ರಯೋಗವಾಗಿ ಕೊಟ್ಟು, ಹೇಗೆ ನಡೆಯಿತು ಎಂದು ನೋಡಿ, 2018ರಲ್ಲಿ ಕಾಯಂ ಮಾಡಿದರು. ಇಂಗ್ಲೆಂಡಿನಲ್ಲಿ ಔಷಧ ಬರೆಯುವ ಅರ್ಹತೆಗೆ ಬೇರೆಯೇ ತರಬೇತಿ ಇದೆ. ಅದನ್ನು ಮುಗಿಸಿದ ನರ್ಸ್‌ಗಳಿಗೆ 2006ರಲ್ಲಿ ಹೆಚ್ಚುಕಡಿಮೆ ಎಲ್ಲ ಔಷಧಗಳ ಬಾಗಿಲು ತೆರೆಯಿತು.

ಭಾರತದಲ್ಲಿ ತೀವ್ರ ನಿಗಾ ಆರೈಕೆಗೆಂದು ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ರೆಸಿಡೆನ್ಸಿ ಕೋರ್ಸನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿತು. ಸಮಯದ ಬಹುಭಾಗ ಐಸಿಯುನಲ್ಲೇ ಕಳೆಯುವ ಕೋರ್ಸ್ ಇದು. ಬೋಧನೆಯ ಕಡೆಗೆ ವಾಲಿದ ಹಳೆಯ ಎಂ.ಎಸ್ಸಿ ನರ್ಸಿಂಗ್‌ಗಿಂತ ಬೇರೆ. ಒಳ್ಳೆಯ ಹೆಜ್ಜೆ. ಆದರೆ ಓದಿದವರು ಆಸ್ಪತ್ರೆಯ ಲಿಖಿತ ನಿಯಮಾವಳಿಯ ಒಳಗೆ ಕೆಲಸ ಮಾಡಬೇಕಾಗುತ್ತದೆ. ಸ್ವಂತ ಅಧಿಕಾರದಿಂದ ಔಷಧ ಬರೆಯುವ ಹಕ್ಕು ಅದರಿಂದ ಸಿಗುವುದಿಲ್ಲ. 1947ರ ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಹೊಸ ಆಯೋಗ ಈ ಹುದ್ದೆಯ ವ್ಯಾಪ್ತಿಯನ್ನು ಸ್ಪಷ್ಟವಾಗಿ ಬರೆಯದಿದ್ದರೆ, ಕಲಿತ ವಿದ್ಯೆ ಆಸ್ಪತ್ರೆಯ ಆಡಳಿತದ ಮರ್ಜಿಗೆ ಬಿಟ್ಟದ್ದಾಗುತ್ತದೆ. ಇಲ್ಲಿ ರೋಗಿಯ ಹಿತವೂ ಇದೆ. ಅಧಿಕಾರ ಅಸ್ಪಷ್ಟವಾಗಿದ್ದರೆ ಹೊಣೆಯೂ ಅಸ್ಪಷ್ಟ. ಏನಾದರೂ ತಪ್ಪಾದರೆ ಯಾರು ಉತ್ತರ ಕೊಡಬೇಕು?

ಕಾನೂನು ಇದ್ದರೂ ಹುದ್ದೆ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಜಗತ್ತಿನಲ್ಲಿ 2023ರ ಲೆಕ್ಕಕ್ಕೆ 58 ಲಕ್ಷ ನರ್ಸ್‌ಗಳ ಕೊರತೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥ ಹೊತ್ತಿನಲ್ಲಿ ಅನುಭವಿ ನರ್ಸ್ ಓದಲು ಹೋದರೆ ವಾರ್ಡಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಓದಿ ಬಂದವರನ್ನು ಅದೇ ಖಾಲಿ ಜಾಗಕ್ಕೆ ತುಂಬುವ ಆಸೆ ಆಡಳಿತಕ್ಕೆ ಹುಟ್ಟುತ್ತದೆ. ಹುದ್ದೆಯನ್ನು ಮೊದಲು ಮಂಜೂರು ಮಾಡಿ, ಆಮೇಲೆ ಜನರನ್ನು ಓದಲು ಕಳಿಸುವ ಆಸ್ಪತ್ರೆಗಳಲ್ಲಿ ಈ ಎಳೆದಾಟ ಇರುವುದಿಲ್ಲ.

ಸೇರುವ ಮುಂಚೆ

ಯಾವ ವಿಭಾಗ ಎಂಬುದನ್ನು ಗಟ್ಟಿಯಾಗಿ ಯೋಚಿಸಿ. ನವಜಾತ ಶಿಶುಗಳ ಆರೈಕೆಯಲ್ಲಿ ತರಬೇತಿ ಪಡೆದವರು ಆಮೇಲೆ ಮಾನಸಿಕ ಆರೋಗ್ಯಕ್ಕೆ ಹೋಗಬೇಕೆಂದರೆ, ಹಲವು ಕಡೆ ಮತ್ತೆ ಒಂದು ಕೋರ್ಸ್, ಮತ್ತೆ ಕ್ಲಿನಿಕಲ್ ಗಂಟೆ, ಮತ್ತೆ ಪರೀಕ್ಷೆ. ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ಆ ದೇಶದ ನಿಯಮವನ್ನು ಈಗಲೇ ಓದಿ. ಒಂದು ಕಡೆಯ ಪದವಿಗೆ ಇನ್ನೊಂದು ಕಡೆ ತಾನಾಗಿ ಮಾನ್ಯತೆ ಸಿಗುವುದಿಲ್ಲ. ನಿಯಮಗಳೂ ಬದಲಾಗುತ್ತಿರುತ್ತವೆ. ಅಮೆರಿಕದಲ್ಲಿ ಅರಿವಳಿಕೆ ನರ್ಸ್ ತರಬೇತಿಗೆ 2022ರಿಂದ ಹೊಸದಾಗಿ ಸೇರುವವರು ಡಾಕ್ಟರೇಟ್ ಮಟ್ಟದ ಕೋರ್ಸಿಗೇ ಸೇರಬೇಕು. ಉಳಿದ ಮೂರು ಬಗೆಗೂ ಅದನ್ನೇ ತರಬೇಕೆಂದು 2004ರಿಂದ ಮಾತು ನಡೆದಿದೆ, ಆದರೆ ಅವಕ್ಕೆ ಸ್ನಾತಕೋತ್ತರ ಪದವಿಯ ದಾರಿ ಇನ್ನೂ ಮುಚ್ಚಿಲ್ಲ. ಕಲಿಸುವುದೇ ಇಷ್ಟ ಎನ್ನುವವರು ಬೋಧನೆಯ ಸ್ನಾತಕೋತ್ತರ ಪದವಿಗೇ ಹೋಗಲಿ. ಅದು ಕಡಿಮೆ ದರ್ಜೆಯ ದಾರಿ ಅಲ್ಲ, ಬೇರೆ ದಾರಿ.

ಕಾಲೇಜಿನಲ್ಲಿ ಕೇಳಬೇಕಾದ್ದನ್ನು ಸಂಕೋಚ ಬಿಟ್ಟು ಕೇಳಿ. ಪ್ರಿಸೆಪ್ಟರ್ ಯಾರು, ಕಾಲೇಜೇ ಗೊತ್ತು ಮಾಡುತ್ತದೆಯೇ? ಒಬ್ಬ ಪ್ರಿಸೆಪ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು? ವಿದ್ಯಾರ್ಥಿ ತಾನೇ ಪರೀಕ್ಷಿಸಿ, ತಾನೇ ಯೋಜನೆ ಹೇಳುವ ಅವಕಾಶ ಎಷ್ಟು ರೋಗಿಗಳೊಂದಿಗೆ ಸಿಗುತ್ತದೆ? ಹಾಗೇ, ಹೋದ ವರ್ಷ ಮುಗಿಸಿದ ಇಬ್ಬರು-ಮೂವರನ್ನು ನೀವೇ ಹುಡುಕಿ ಮಾತಾಡಿಸಿ. ಅವರ ನೇಮಕಾತಿ ಪತ್ರದಲ್ಲಿ ಯಾವ ಹುದ್ದೆ ಎಂದು ಬರೆದಿದೆ, ಡ್ಯೂಟಿ ಪಟ್ಟಿಯಲ್ಲಿ ಅವರ ಹೆಸರು ಯಾವ ಸಾಲಿನಲ್ಲಿದೆ, ಕಳೆದ ವಾರ ಎಷ್ಟು ರೋಗಿಗಳ ವಿಷಯದಲ್ಲಿ ಅವರೇ ತೀರ್ಮಾನ ತೆಗೆದುಕೊಂಡರು ಎಂದು ಕೇಳಿ ತಿಳಿದುಕೊಂಡು ಆಮೇಲೆ ಅರ್ಜಿ ಹಾಕಿ.